ವೆಂಟ್ ಪೈಪು: ಅಂದಾಜು ಪಟ್ಟಿಯಲ್ಲಿ ತಪ್ಪಿಹೋಗುವ ಸಾಲು

ಮನೆ ಕಟ್ಟುವವರ ಪ್ರಶ್ನೋತ್ತರ

ಸಂಪು, ಅಡಿಪಾಯ, ತಾರಸಿಯ ಸೋರಿಕೆ ಇವುಗಳ ಬಗ್ಗೆ ಪ್ರತಿ ಸಂಚಿಕೆಗೂ ಪತ್ರಗಳು ಬರುತ್ತವೆ. ವೆಂಟ್ ಪೈಪಿನ, ಅಂದರೆ ಕೊಳಚೆ ಪೈಪಿಗೆ ಗಾಳಿ ಆಡಲೆಂದು ಮೇಲೆ ಬಾಯಿ ತೆರೆದು ನಿಲ್ಲಿಸುವ ಪೈಪಿನ ಬಗ್ಗೆ ಇಷ್ಟು ಪತ್ರಗಳು ಒಟ್ಟಿಗೆ ಬಂದದ್ದು ಇದೇ ಮೊದಲು. ಒಬ್ಬರು ವಾಸನೆಯ ಬಗ್ಗೆ, ಇನ್ನೊಬ್ಬರು ಖರ್ಚಿನ ಬಗ್ಗೆ, ಮತ್ತೊಬ್ಬರು ನೆರೆಮನೆಯ ಬಗ್ಗೆ ಬರೆದಿದ್ದರೂ ಎಲ್ಲ ತೊಡಕುಗಳ ಬೇರು ಒಂದೇ ಕಡೆ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷದ ಹಿಂದೆ ನೆಲಮನೆ ಮತ್ತು ಅದರ ಮೇಲೆ ಎರಡು ಮಹಡಿ ಇರುವ ಮನೆ ಕಟ್ಟಿಸಿದೆವು. ಎರಡನೆಯ ಮಹಡಿಯಲ್ಲಿ ಫ್ಲಶ್ ಮಾಡಿದರೆ ಮೊದಲ ಮಹಡಿಯ ಬಚ್ಚಲಿನ ಜಾಲರಿಯಿಂದ ಗುಳುಗುಳು ಶಬ್ದ ಬರುತ್ತದೆ, ಆಮೇಲೆ ಮೋರಿಯ ವಾಸನೆ ಹರಡುತ್ತದೆ. ಫಿನಾಯಿಲ್, ಆಸಿಡ್ ಎಲ್ಲ ಸುರಿದದ್ದಾಯಿತು, ಒಂದೆರಡು ಗಂಟೆ ಮಾತ್ರ ಗುಣ. ಪ್ಲಂಬರ್ ‘ಗ್ಯಾಸ್ ಪೈಪು ಸರಿಯಿಲ್ಲ’ ಎನ್ನುತ್ತಾರೆ. ತಾರಸಿಯ ಮೇಲೆ ಪೈಪು ಇದ್ದೇ ಇದೆಯಲ್ಲ? (ತುಮಕೂರಿನ ಓದುಗರು)

ಉತ್ತರ: ತಾರಸಿಯ ಮೇಲೆ ಪೈಪು ಕಾಣುತ್ತಿದೆ ಎಂದಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ತಿಳಿಯುವಂತಿಲ್ಲ. ಅದು ಯಾವ ಕೆಲಸಕ್ಕಾಗಿ ಅಲ್ಲಿ ನಿಂತಿದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ.

ನಮ್ಮ ಮೇಸ್ತ್ರಿಗಳ ಬಾಯಲ್ಲಿ ಇದು ‘ಗ್ಯಾಸ್ ಪೈಪು’. ಆ ಹೆಸರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ, ಮತ್ತು ಉಳಿದರ್ಧ ಮರೆತುಹೋಗುವುದರಿಂದಲೇ ಎಷ್ಟೋ ಮನೆಗಳಲ್ಲಿ ಈ ಪೈಪನ್ನು ಕೈಬಿಡುತ್ತಾರೆ ಎಂಬುದು ನನ್ನ ಅನುಭವ. ಮೋರಿಯಲ್ಲಿ ಹುಟ್ಟುವ ಅನಿಲ ಮೇಲೆ ಹೋಗಲು ದಾರಿ ಬೇಕು, ನಿಜ. ಅದಕ್ಕಿಂತ ಮುಖ್ಯವಾಗಿ, ಪೈಪಿನೊಳಗೆ ನೀರು ಬೀಳುವಾಗ ಅದರ ಹಿಂದೆಯೇ ಹೊರಗಿನ ಗಾಳಿ ಒಳಗೆ ಬರಲು ದಾರಿ ಬೇಕು. ದಿನಸಿ ಅಂಗಡಿಯವರು 15 ಕಿಲೋ ಎಣ್ಣೆ ಡಬ್ಬದ ಒಂದು ಮೂಲೆಯಲ್ಲಿ ತೂತು ಹೊಡೆದು ಅಷ್ಟಕ್ಕೇ ಬಿಡುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ಸಣ್ಣ ತೂತು ಹೊಡೆಯುತ್ತಾರೆ. ಅದಿಲ್ಲದಿದ್ದರೆ ಎಣ್ಣೆ ಗಳಗಳ ಎಂದು ತಡೆತಡೆದು ಬೀಳುತ್ತದೆ, ಅದಿದ್ದರೆ ಒಂದೇ ಧಾರೆಯಾಗಿ ಇಳಿಯುತ್ತದೆ. ಮನೆಯ ಕೊಳಚೆ ಪೈಪಿಗೆ ವೆಂಟ್ ಎಂದರೆ ಆ ಎರಡನೆಯ ತೂತು.

ಎಣ್ಣೆ ಡಬ್ಬದಲ್ಲಿ ಎರಡನೆಯ ತೂತು ಇಲ್ಲದಿದ್ದರೆ ಎಣ್ಣೆ ನಿಧಾನವಾಗುತ್ತದೆ, ಅಷ್ಟೆ. ಮನೆಯ ಪೈಪಿನಲ್ಲಿ ಅದು ಇಲ್ಲದಿದ್ದರೆ ನೀರು ತನಗೆ ಬೇಕಾದ ಗಾಳಿಯನ್ನು ಬೇರೆ ಕಡೆಯಿಂದ ಎಳೆದುಕೊಳ್ಳುತ್ತದೆ, ಮತ್ತು ಆ ಬೇರೆ ಕಡೆ ಎಂದರೆ ನಿಮ್ಮ ಬಚ್ಚಲು. ಕಮೋಡಿನ ಬಾಗಿದ ಕುತ್ತಿಗೆಯಲ್ಲಿ, ಬಚ್ಚಲಿನ ಜಾಲರಿಯ ಕೆಳಗೆ ನೀರು ಹಿಡಿದಿಡುವ ಬಟ್ಟಲಿನಂಥ ನಾನಿ ಟ್ರ್ಯಾಪಿನಲ್ಲಿ, ವಾಷ್ ಬೇಸಿನ್ನಿನ ಅಡಿಯ ಕೊಳವೆಯಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಬಾಗಿದ ಕೊಳವೆಯ ಶೌಚಪಾತ್ರೆಗೆ ಪೇಟೆಂಟ್ ಪಡೆದ ಕಾಲದಿಂದ ಇಂದಿನವರೆಗೂ ಮೋರಿಯ ಗಾಳಿಗೂ ನಾವು ಮಲಗುವ ಕೋಣೆಗೂ ನಡುವೆ ಇರುವ ತಡೆ ಈ ನಿಂತ ನೀರೇ. ಇದಕ್ಕೆ ವಾಟರ್ ಸೀಲ್ ಎನ್ನುತ್ತಾರೆ. ಅದರ ಆಳ ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಎರಡು ಇಂಚು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿಹಿಡಿಯಬಲ್ಲದು. ಹಾಗಿರುವಾಗ ಪೈಪಿನೊಳಗಿನ ಒತ್ತಡ ಅದರ ಇನ್ನೂರನೆಯ ಒಂದು ಭಾಗದಷ್ಟು ಇಳಿದರೂ ಎರಡು ಇಂಚಿನ ಆ ನೀರು ಹೀರಿಹೋಗುತ್ತದೆ. ಎರಡನೆಯ ಮಹಡಿಯಿಂದ ಒಂದು ಫ್ಲಶ್ ನೀರು ನಾಲ್ಕು ಇಂಚಿನ ಪೈಪಿನಲ್ಲಿ ಗಾಳಿಯನ್ನು ಎಳೆದುಕೊಂಡು ಇಳಿಯುವಾಗ ಇಷ್ಟು ವ್ಯತ್ಯಾಸವಾಗುವುದು ಕಷ್ಟವೇನಲ್ಲ. ನೀವು ಕೇಳುತ್ತಿರುವ ಗುಳುಗುಳು ಶಬ್ದ, ಮೊದಲ ಮಹಡಿಯ ಟ್ರ್ಯಾಪಿನ ನೀರನ್ನು ಸೀಳಿಕೊಂಡು ಕೋಣೆಯ ಗಾಳಿ ಪೈಪಿನೊಳಗೆ ನುಗ್ಗುವ ಶಬ್ದ. ನೀರು ಹೋದ ಮೇಲೆ ವಾಸನೆ ಬರಲೇಬೇಕು. ಫಿನಾಯಿಲ್ ಸುರಿದಾಗ ಒಂದೆರಡು ಗಂಟೆ ಗುಣ ಕಂಡದ್ದು ಅದರ ಪರಿಮಳದಿಂದ ಮಾತ್ರವಲ್ಲ, ಅದರ ಜೊತೆ ಸುರಿದ ನೀರು ಟ್ರ್ಯಾಪನ್ನು ಮತ್ತೆ ತುಂಬಿದ್ದರಿಂದ.

ಖರ್ಚಿಲ್ಲದ ಪರೀಕ್ಷೆಯೊಂದನ್ನು ಮೊದಲು ಮಾಡಿ. ಮೊದಲ ಮಹಡಿಯ ಬಚ್ಚಲಿನ ಜಾಲರಿ ತೆಗೆದು, ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿ, ಟಾರ್ಚ್ ಹಿಡಿದು ನೋಡುತ್ತಿರಿ. ಮನೆಯವರೊಬ್ಬರು ಮೇಲೆ ಫ್ಲಶ್ ಮಾಡಲಿ. ನೀರು ಕೆಳಕ್ಕೆ ಜಗ್ಗಿ ಇಂಗಿದಂತೆ ಕಂಡರೆ ಮೇಲಿನಿಂದ ಗಾಳಿ ಸಾಲುತ್ತಿಲ್ಲ ಎಂದರ್ಥ. ನೀರು ಮೇಲೆ ಉಬ್ಬಿ ಗುಳ್ಳೆ ಬಂದರೆ ಕೆಳಗಡೆ ಒತ್ತಡ ಕಟ್ಟಿಕೊಳ್ಳುತ್ತಿದೆ. ಲಂಬ ಪೈಪು ನೆಲದಲ್ಲಿ ಅಡ್ಡಕ್ಕೆ ತಿರುಗುವ ಕಡೆ ಒಂದೇ ಕಡಿದಾದ ಬೆಂಡ್ ಹಾಕಿದ್ದರೆ ಅಥವಾ ಹೊರಗೆ ಕೊಳಚೆ ನೀರು ಸೇರುವ ಗುಂಡಿ, ಅಂದರೆ ಚೇಂಬರ್, ಕಸದಿಂದ ಕಟ್ಟಿಕೊಂಡಿದ್ದರೆ ಹೀಗಾಗುತ್ತದೆ. ಇವೆರಡೂ ಇಲ್ಲದೆ, ಊರಿಗೆ ಹೋಗಿ ವಾರದ ಮೇಲೆ ಬಂದಾಗ ಮಾತ್ರ ವಾಸನೆ ಇದ್ದರೆ ಟ್ರ್ಯಾಪಿನ ನೀರು ಆರಿದೆ ಅಷ್ಟೆ; ಹೊರಡುವ ಮೊದಲು ಒಂದು ಚೊಂಬು ನೀರು ಹಾಕಿ ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ನಿಮ್ಮ ಪತ್ರದ ವಿವರ ನೋಡಿದರೆ ಮೊದಲನೆಯ ಕಾರಣವೇ ಇರಬೇಕು. ಹಾಗಾದರೆ ಪ್ಲಂಬರನ್ನು ಬಚ್ಚಲಿಗೆ ಕರೆದೊಯ್ಯುವ ಮೊದಲು ತಾರಸಿಗೆ ಹತ್ತಿಸಿ. ಇಂಥದೇ ದೂರಿಗಾಗಿ ನಾನು ಒಮ್ಮೆ ನೋಡಿದ ಮನೆಯೊಂದರ ತಾರಸಿಯಲ್ಲಿ ನಾಲ್ಕು ಇಂಚಿನ ಪೈಪು ನೆಟ್ಟಗೆ ನಿಂತಿತ್ತು, ಅದರ ತಲೆಗೆ ಜಾಲರಿ ಟೋಪಿ, ಅಂದರೆ ಕೌಲ್, ಅಂದವಾಗಿ ಕುಳಿತಿತ್ತು. ಟೋಪಿಯನ್ನು ತಿರುವಿ ತೆಗೆದಾಗ ಪೈಪಿನ ಬಾಯಲ್ಲಿ ಒಂದು ಗೇಣು ಕೆಳಗೆ ಸಿಮೆಂಟ್ ಚೀಲದ ಉಂಡೆ ಸಿಕ್ಕಿತು. ಗಾರೆ ಕೆಲಸದ ಸಮಯದಲ್ಲಿ ಕಲ್ಲು, ಗಾರೆ ಒಳಗೆ ಬೀಳದಿರಲಿ ಎಂದು ಯಾರೋ ಒಳ್ಳೆಯ ಬುದ್ಧಿಯಿಂದಲೇ ತುರುಕಿದ್ದರು. ತೆಗೆಯುವುದನ್ನು ಮರೆತು ಮೇಲೆ ಟೋಪಿ ಹಾಕಿದ್ದರು. ಆ ಚೀಲವನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆಯುತ್ತಿದ್ದಂತೆ ಪೈಪು ಒಂದು ದೀರ್ಘ ಉಸಿರು ಎಳೆದುಕೊಂಡ ಶಬ್ದ ನನಗೆ ಈಗಲೂ ನೆನಪಿದೆ. ಆ ಮನೆಯವರು ಅಷ್ಟರಲ್ಲಿ ಬಚ್ಚಲಿನ ಟೈಲ್ಸ್ ಒಂದು ಸಲ ಒಡೆಸಿ ಹಾಕಿಸಿದ್ದರು.

ತಾರಸಿಯಲ್ಲಿ ಬಾಯಿ ಸ್ವಚ್ಛವಾಗಿದ್ದೂ ತೊಂದರೆ ಉಳಿದರೆ, ನಿಮ್ಮ ಮನೆಯಲ್ಲಿ ಶೌಚಾಲಯದ ನೀರು, ಬಚ್ಚಲ ನೀರು ಎರಡನ್ನೂ ಒಂದೇ ಲಂಬ ಪೈಪಿಗೆ ಸೇರಿಸಿದ್ದಾರೆಯೇ ಎಂದು ನೋಡಬೇಕು. ಹಾಗಿದ್ದರೆ ಮೊದಲ ಮಹಡಿಯ ಟ್ರ್ಯಾಪಿನ ಹತ್ತಿರದಿಂದ 63 ಅಥವಾ 75 ಮಿ.ಮೀ. ಪೈಪೊಂದನ್ನು ಡಕ್ಟಿನಲ್ಲಿ, ಅಂದರೆ ಪೈಪುಗಳಿಗಾಗಿ ಬಿಟ್ಟಿರುವ ಕಿರು ಜಾಗದಲ್ಲಿ ಮೇಲೆತ್ತಿ, ಎರಡನೆಯ ಮಹಡಿಯ ಶೌಚಾಲಯ ಸೇರುವ ಜಾಗಕ್ಕಿಂತ ಮೇಲೆ ಮುಖ್ಯ ಪೈಪಿಗೆ ಕೂಡಿಸಬೇಕು. ಇದಕ್ಕೆ ಆ್ಯಂಟಿ ಸೈಫನ್ ಪೈಪು ಎನ್ನುತ್ತಾರೆ. ಇದರ ಅಡ್ಡ ಭಾಗಕ್ಕೆ ಕೊಳಚೆ ಪೈಪಿನ ಕಡೆಗೇ ಇಳಿಜಾರು ಕೊಡಿಸಿ. ಒಳಗೆ ಹನಿಗಟ್ಟುವ ನೀರು ನಿಂತರೆ ಅದೇ ಗಾಳಿಗೆ ತಡೆಯಾಗುತ್ತದೆ.

ಪ್ರಶ್ನೆ: ಗುತ್ತಿಗೆದಾರರು ಚದರಕ್ಕೆ ಇಷ್ಟು ಎಂದು ಒಪ್ಪಿಕೊಂಡು ಕೊಟ್ಟ ಅಂದಾಜು ಪಟ್ಟಿಯಲ್ಲಿ ‘ಪ್ಲಂಬಿಂಗ್ ಮತ್ತು ಸ್ಯಾನಿಟರಿ, ಒಟ್ಟು’ ಎಂದು ಒಂದೇ ಸಾಲು ಇದೆ. ಈಗ ಎರಡನೆಯ ಮಹಡಿಯ ಸ್ಲ್ಯಾಬ್ ಆದ ಮೇಲೆ, ವೆಂಟ್ ಪೈಪು ಅದರಲ್ಲಿ ಸೇರಿಲ್ಲ, ಹೆಚ್ಚುವರಿ ಕೊಡಬೇಕು ಎನ್ನುತ್ತಿದ್ದಾರೆ. ಅವರು ಕೇಳುವುದು ನ್ಯಾಯವೇ? ಮೊತ್ತ ಸರಿಯೇ ಎಂದು ನಾವೇ ಲೆಕ್ಕ ಹಾಕಬಹುದೇ? (ದಾವಣಗೆರೆಯ ಓದುಗರು)

ಉತ್ತರ: ಖಂಡಿತ ಹಾಕಬಹುದು, ಮತ್ತು ಮನೆ ಕಟ್ಟಿಸುವವರೆಲ್ಲ ಒಮ್ಮೆಯಾದರೂ ಹಾಕಿ ನೋಡಬೇಕು. ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು ಮತ್ತು ಕೂಡುವುದು, ಕಳೆಯುವುದು ಅಷ್ಟೆ.

ನ್ಯಾಯದ ಮಾತನ್ನು ಮೊದಲು ಮುಗಿಸೋಣ. ಕೊಳಚೆ ಪೈಪು ಮೇಲಿನ ಕೊನೆಯ ಶೌಚಾಲಯ ಸೇರುವಲ್ಲಿಗೆ ನಿಂತರೆ ಅದು ಅರ್ಧ ಕೆಲಸ. ಅದೇ ಪೈಪನ್ನು ಅದೇ ಅಳತೆಯಲ್ಲಿ ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದು ಟೋಪಿ ಹಾಕುವವರೆಗೂ ಪ್ಲಂಬಿಂಗ್ ಎಂಬ ಶಬ್ದದ ಒಳಗೇ ಬರುತ್ತದೆ ಎಂದು ನಾನು ತಿಳಿಯುತ್ತೇನೆ. ಆದ್ದರಿಂದ ಆ ಭಾಗಕ್ಕೆ ಹೆಚ್ಚುವರಿ ಕೇಳುವುದು ಸರಿಯಲ್ಲ. ನಕ್ಷೆಯಲ್ಲಿ ತೋರಿಸದ ಪ್ರತ್ಯೇಕ ಆ್ಯಂಟಿ ಸೈಫನ್ ಪೈಪನ್ನು ಈಗ ನೀವು ಕೇಳುತ್ತಿದ್ದರೆ ಅದಕ್ಕೆ ಅವರು ಹಣ ಕೇಳುವುದರಲ್ಲಿ ತಪ್ಪಿಲ್ಲ. ಜಗಳ ಹುಟ್ಟಿದ್ದು ಇಬ್ಬರ ದುರಾಸೆಯಿಂದಲ್ಲ, ‘ಒಟ್ಟು’ ಎಂಬ ಆ ಒಂದು ಶಬ್ದದಿಂದ. ಬಾಗಿಲು, ಕಿಟಕಿ, ಗ್ರಾನೈಟು ಎಲ್ಲಕ್ಕೂ ಸಾಲು ಸಾಲಾಗಿ ಲೆಕ್ಕ ಬರೆಯುವ ನಾವು, ಗೋಡೆಯ ಹಿಂದೆ ಹೋಗುವುದನ್ನೆಲ್ಲ ಒಂದೇ ಮೊತ್ತಕ್ಕೆ ಬಿಟ್ಟುಬಿಡುತ್ತೇವೆ.

ಈಗ ಅಳತೆ. ನಿಮ್ಮದು ನೆಲಮನೆಯ ಮೇಲೆ ಎರಡು ಮಹಡಿ, ಬಚ್ಚಲುಗಳು ಎರಡು ಡಕ್ಟುಗಳ ಸುತ್ತ ಒಂದರ ಮೇಲೊಂದು ಇವೆ ಎಂದು ಪತ್ರದ ನಕ್ಷೆಯಿಂದ ತಿಳಿಯುತ್ತದೆ. ಚೇಂಬರಿನ ಪೈಪು ನೆಲಮಟ್ಟದಿಂದ 0.45 ಮೀಟರ್ ಕೆಳಗೆ, ಪಾಯದ ಎತ್ತರ 0.60, ಸ್ಲ್ಯಾಬಿನ ದಪ್ಪ ಸೇರಿ ಒಂದೊಂದು ಅಂತಸ್ತು 3.15ರಂತೆ ಮೂರಕ್ಕೆ 9.45, ಪ್ಯಾರಪೆಟ್ ಗೋಡೆ 0.90, ಅದರ ಮೇಲೆ 1.50. ಒಟ್ಟು 12.90 ಮೀಟರ್. ಈ ಕೊನೆಯ ಒಂದೂವರೆ ಮೀಟರ್ ನನ್ನ ಕಲ್ಪನೆಯಲ್ಲ. ಸಮತಟ್ಟು ತಾರಸಿ ಅಥವಾ ಪ್ಯಾರಪೆಟ್, ಯಾವುದು ಎತ್ತರವೋ ಅದಕ್ಕಿಂತ 1.5 ಮೀಟರ್ ಮೇಲೆ ಪೈಪಿನ ಬಾಯಿ ಇರಬೇಕೆಂಬುದು ನಮ್ಮ ದೇಶದ ಒಳಚರಂಡಿ ಸಂಹಿತೆ ಹೇಳುವ ಮಾತು.

ಇದರಲ್ಲಿ ಎರಡನೆಯ ಮಹಡಿಯ ನೆಲ 7.35 ಮೀಟರಿನಲ್ಲಿದೆ, ಶೌಚಾಲಯದ ಪೈಪು ಅದಕ್ಕಿಂತ 0.30 ಕೆಳಗೆ ಸೇರುತ್ತದೆ ಎಂದಿಟ್ಟರೆ 7.05ರವರೆಗೆ ನೀರು ಹರಿಯುವ ಭಾಗ, ಅಲ್ಲಿಂದ ಮೇಲಿನ 5.85 ಮೀಟರ್ ಗಾಳಿಯ ಭಾಗ. ನಿಮ್ಮಲ್ಲಿ ಶೌಚಾಲಯದ್ದು ಬೇರೆ, ಬಚ್ಚಲಿನದು ಬೇರೆ ಪೈಪು ಇರುವುದರಿಂದ ಒಂದು ಡಕ್ಟಿಗೆ ಎರಡು, ಎರಡು ಡಕ್ಟಿಗೆ ನಾಲ್ಕು. 5.85ನ್ನು ನಾಲ್ಕರಿಂದ ಗುಣಿಸಿದರೆ 23.40 ಮೀಟರ್. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಐದರಷ್ಟು ಸೇರಿಸಿದರೆ 24.57. ಪೈಪು ಅಂಗಡಿಯಲ್ಲಿ 3 ಮೀಟರ್ ಉದ್ದದಲ್ಲಿ ಸಿಗುವುದರಿಂದ 8 ಸಾಲದು, 9 ತರಬೇಕು.

ಇಲ್ಲಿ ಬರೆಯುವ ದರಗಳು ಲೆಕ್ಕದ ರೀತಿ ತೋರಿಸಲು ಮಾತ್ರ, ನಿಮ್ಮೂರಿನ ಅಂಗಡಿಯ ದರವನ್ನು ಅದರ ಜಾಗದಲ್ಲಿ ಹಾಕಿಕೊಳ್ಳಿ. ಪೈಪು ಮೀಟರಿಗೆ 300 ರೂಪಾಯಿಯಾದರೆ 27 ಮೀಟರಿಗೆ 8,100. ಟೋಪಿ ನಾಲ್ಕು, ಒಂದಕ್ಕೆ 150ರಂತೆ 600. ಕ್ಲಾಂಪು ಒಂದು ಪೈಪಿಗೆ ಐದರಂತೆ 20, ಒಂದಕ್ಕೆ 50 ಎಂದರೆ 1,000. ಕೂಲಿ ಮೀಟರಿಗೆ 100ರಂತೆ 23.40ಕ್ಕೆ 2,340. ಒಟ್ಟು 12,040. ಸಾಲ್ವೆಂಟ್ ಸಿಮೆಂಟ್, ರಬ್ಬರ್ ರಿಂಗಿಗೆ ಹಚ್ಚುವ ಲೂಬ್ರಿಕೆಂಟ್ ಇತ್ಯಾದಿ ಸಣ್ಣ ಖರ್ಚು ಬೇರೆ. ಗುತ್ತಿಗೆದಾರರು ಕೇಳಿರುವ ಮೊತ್ತವನ್ನು ಹೀಗೆ ಬಿಡಿಸಿ ಅವರ ಮುಂದಿಟ್ಟರೆ ಮಾತುಕತೆ ಶಾಂತವಾಗಿ ನಡೆಯುತ್ತದೆ. ಅಳತೆ ಮುಂದಿದ್ದಾಗ ಧ್ವನಿ ಏರಿಸುವ ಅಗತ್ಯ ಇಬ್ಬರಿಗೂ ಬೀಳುವುದಿಲ್ಲ.

ಒಂದು ಸೂಕ್ಷ್ಮವಿದೆ. ಪೈಪಿನ ಅಳತೆಯನ್ನು ನಡುಗೆರೆಯ ಉದ್ದಕ್ಕೆ, ರನ್ನಿಂಗ್ ಮೀಟರಿನಲ್ಲಿ ತೆಗೆಯುತ್ತಾರೆ. ಬೆಂಡ್, ಟೀ, ಡೋರ್ ಟೀ ಮುಂತಾದ ಜೋಡಣೆಗಳನ್ನು ಕೆಲವರು ಮೀಟರ್ ದರದಲ್ಲೇ ಸೇರಿಸುತ್ತಾರೆ, ಕೆಲವರು ಎಣಿಸಿ ಬೇರೆ ದರ ಹಾಕುತ್ತಾರೆ. ಎರಡೂ ಸರಿಯೇ, ಆದರೆ ಎರಡೂ ಒಂದೇ ಬಿಲ್ಲಿನಲ್ಲಿ ಬರಬಾರದು. ಆದ್ದರಿಂದ ಹೊಸದಾಗಿ ಅಂದಾಜು ಪಟ್ಟಿ ಬರೆಸುವವರು ಆ ಸಾಲನ್ನು ಹೀಗೆ ಬರೆಸಲಿ: ‘110 ಮಿ.ಮೀ. ಯುಪಿವಿಸಿ ಪೈಪನ್ನು ಮೇಲಿನ ಶೌಚಾಲಯದ ಜೋಡಣೆಯಿಂದ ಪ್ಯಾರಪೆಟ್ಟಿಗಿಂತ 1.5 ಮೀಟರ್ ಎತ್ತರದವರೆಗೆ, ಎಲ್ಲ ಜೋಡಣೆ, ಕ್ಲಾಂಪು, ಜಾಲರಿ ಟೋಪಿ ಮತ್ತು ಸ್ಲ್ಯಾಬಿನ ತೂತು ಮುಚ್ಚುವ ಕೆಲಸ ಸೇರಿ, ರನ್ನಿಂಗ್ ಮೀಟರಿಗೆ ಇಷ್ಟು.’ ಸ್ಲ್ಯಾಬಿನ ತೂತಿನ ಮಾತನ್ನು ಬಿಡಬೇಡಿ. ಕಾಂಕ್ರೀಟ್ ಹಾಕುವ ಮೊದಲೇ ಅಲ್ಲಿ ಒಂದು ತುಂಡು ಪೈಪು ಇಟ್ಟರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಯಂತ್ರ ತರಿಸಿ ಕೊರೆಯಿಸಬೇಕಾದರೆ, ಅದರ ಸುತ್ತ ನೀರು ಇಳಿಯದಂತೆ ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸಬೇಕಾದರೆ, ಡಕ್ಟಿನಲ್ಲಿ ಸಾರುವೆ ಕಟ್ಟಬೇಕಾದರೆ, ಪೈಪಿನ ಬೆಲೆಯನ್ನೇ ಮೀರುವ ಬಿಲ್ಲು ಬರುತ್ತದೆ. ನಿಮ್ಮದು ಎರಡನೆಯ ಮಹಡಿಯ ಸ್ಲ್ಯಾಬ್ ಹಂತದಲ್ಲಿದೆ. ತಾರಸಿಯ ಸ್ಲ್ಯಾಬಿಗೆ ಕಂಬಿ ಕಟ್ಟುವ ಮೊದಲು ಈ ಮಾತು ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಹೆಂಚಿನ ಮಾಡಿನ ಹಳೆಯ ಮನೆ, ಹಿತ್ತಿಲಲ್ಲಿ ಸೆಪ್ಟಿಕ್ ಟ್ಯಾಂಕ್ ಇದೆ. ಅದರ ಪೈಪು ಆಳೆತ್ತರಕ್ಕೆ ನಿಂತಿದೆ. ಸಂಜೆಯಾದರೆ ಜಗಲಿಯಲ್ಲಿ ವಾಸನೆ, ಸೊಳ್ಳೆಯೂ ವಿಪರೀತ. ಪೈಪನ್ನು ಎತ್ತರಿಸಿದರೆ ಮಂಗಗಳು ಮುರಿಯುತ್ತವೆ. ಏನು ಮಾಡಬೇಕು? (ಶಿರಸಿ ತಾಲ್ಲೂಕಿನ ಓದುಗರು)

ಉತ್ತರ: ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ‘ಗ್ಯಾಸ್ ಪೈಪು’ ಎಂಬ ಹೆಸರು ಸರಿಯಾಗಿ ಒಪ್ಪುತ್ತದೆ. ಒಳಗೆ ಕೊಳೆಯುವಿಕೆ ನಿರಂತರ ನಡೆದು ಮೀಥೇನ್, ಹೈಡ್ರೋಜನ್ ಸಲ್ಫೈಡ್ ಮುಂತಾದ ಅನಿಲಗಳು ಹುಟ್ಟುತ್ತಲೇ ಇರುತ್ತವೆ. ಸೆಪ್ಟಿಕ್ ಟ್ಯಾಂಕಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಪೈಪಿನ ವ್ಯಾಸ 50 ಮಿ.ಮೀ.ಗೆ ಕಡಿಮೆ ಇರಕೂಡದು. ಟ್ಯಾಂಕ್ ಮನೆಯಿಂದ 15 ಮೀಟರ್ ಅಥವಾ ಅದಕ್ಕಿಂತ ದೂರವಿದ್ದರೆ ಸುಮಾರು 2 ಮೀಟರ್ ಎತ್ತರ ಸಾಕು, ಅದಕ್ಕಿಂತ ಹತ್ತಿರವಿದ್ದರೆ ಮನೆಯ ತುದಿಗಿಂತ 2 ಮೀಟರ್ ಮೇಲೆ ಹೋಗಬೇಕು. ನಿಮ್ಮ ಟ್ಯಾಂಕ್ ಹಿತ್ತಿಲ ಬಾಗಿಲಿನಿಂದ ಎಂಟು ಹೆಜ್ಜೆ ಎಂದು ಬರೆದಿದ್ದೀರಿ. ಹಾಗಾದರೆ ಆಳೆತ್ತರದ ಪೈಪು ಅನಿಲವನ್ನು ನೇರವಾಗಿ ನಿಮ್ಮ ಮೂಗಿನ ಮಟ್ಟದಲ್ಲೇ ಬಿಡುತ್ತಿದೆ. ಸಂಜೆ ಗಾಳಿ ನಿಂತು ತಂಪಾದಾಗ ಅದು ಚದುರದೆ ಅಂಗಳದಲ್ಲೇ ಉಳಿಯುತ್ತದೆ.

ಮಾಡಿನ ನೆತ್ತಿಗಿಂತ ಎರಡು ಮೀಟರ್ ಮೇಲೆ ಒಂಟಿ ಪ್ಲಾಸ್ಟಿಕ್ ಪೈಪು ನಿಲ್ಲಿಸಿದರೆ ಮಂಗಗಳು ಬಿಡುವುದಿಲ್ಲ ಎಂಬುದು ನಿಜ. ಮಲೆನಾಡಿನಲ್ಲಿ ನಾನು ಕಂಡ ಒಳ್ಳೆಯ ಉಪಾಯವೆಂದರೆ ನೆಲದಡಿಯಲ್ಲಿ ಪ್ಲಾಸ್ಟಿಕ್ ಪೈಪು ಎಳೆದು, ಮನೆಯ ಗೋಡೆಗೆ ತಂದು, ಅಲ್ಲಿಂದ ಮೇಲಕ್ಕೆ ಜಿಐ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪು ಹಾಕಿ ಗೋಡೆಗೂ ಮಾಡಿನ ಪಕಾಸಿಗೂ ಕ್ಲಾಂಪಿನಿಂದ ಬಿಗಿಯುವುದು. ನೆಲದಡಿಯ ಭಾಗಕ್ಕೆ ಟ್ಯಾಂಕಿನ ಕಡೆ ಇಳಿಜಾರು ಇರಲಿ. ಟ್ಯಾಂಕಿನೊಳಗೆ ಪೈಪು ನೀರಿನ ಮೇಲಿನ ಖಾಲಿ ಜಾಗದಲ್ಲೇ ತೆರೆದುಕೊಳ್ಳಬೇಕು. ಅದಕ್ಕಾಗಿಯೇ ನೀರಿನ ಮಟ್ಟಕ್ಕೂ ಮುಚ್ಚಳಕ್ಕೂ ನಡುವೆ ಕನಿಷ್ಠ 300 ಮಿ.ಮೀ. ಬಿಡಬೇಕೆಂದು ಹೇಳಿರುವುದು. ಪೈಪಿನ ತುದಿ ತೇಲುವ ಕೆನೆಯಲ್ಲಿ ಮುಳುಗಿದ್ದರೆ ಎಷ್ಟು ಎತ್ತರಿಸಿದರೂ ಪ್ರಯೋಜನವಿಲ್ಲ.

ಸೊಳ್ಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳಚೆ ನೀರಿನಲ್ಲಿ ಮೊಟ್ಟೆಯಿಡುವ ಕ್ಯುಲೆಕ್ಸ್ ಸೊಳ್ಳೆಗೆ ಸೆಪ್ಟಿಕ್ ಟ್ಯಾಂಕ್ ಹೇಳಿ ಮಾಡಿಸಿದ ಜಾಗ, ಮತ್ತು ಜಾಲರಿ ಇಲ್ಲದ ವೆಂಟ್ ಪೈಪು ಅದರ ಹೆಬ್ಬಾಗಿಲು. ಕಲಬುರಗಿ, ಬೀದರ್ ಕಡೆ ಹಾಗೂ ಕರಾವಳಿಯಲ್ಲಿ ಜನರನ್ನು ಕಾಡಿದ ಆನೆಕಾಲು ರೋಗವನ್ನು ಹರಡುವುದೂ ಇದೇ ಸೊಳ್ಳೆ. ಅಂಗಡಿಯಲ್ಲಿ ಸಿಗುವ ಟೋಪಿಯ ಸೀಳುಗಳು ಎಲೆ, ಹಕ್ಕಿಗಳನ್ನು ತಡೆಯುತ್ತವೆಯೇ ಹೊರತು ಸೊಳ್ಳೆಯನ್ನಲ್ಲ. ಕಿಟಕಿಗೆ ಹಾಕುವ ನೈಲಾನ್ ಅಥವಾ ಸ್ಟೀಲ್ ಸೊಳ್ಳೆ ಜಾಲರಿಯ ಒಂದು ಅಂಗೈಯಗಲದ ತುಂಡನ್ನು ಪೈಪಿನ ಬಾಯಿಗೆ ಕಟ್ಟಿ ಅದರ ಮೇಲೆ ಟೋಪಿ ಕೂರಿಸಿ. ಮಳೆಗಾಲದ ಮೊದಲು ಮತ್ತು ನಂತರ ತೆಗೆದು ಒರಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪೈಪು ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿರಲಿ, ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಗ್ಗಿಸುತ್ತದೆ. ವಾಸನೆ ಇಲ್ಲವೆಂದು ಇಳಿದವರು ಮೇಲೆ ಬಂದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು. ಮುಚ್ಚಳ ತೆಗೆದು ಬೆಂಕಿಕಡ್ಡಿ ಗೀರಿ ಇಣುಕುವ ಅಭ್ಯಾಸ ಕೆಲವರಿಗಿದೆ. ಮೀಥೇನ್ ಹೊತ್ತಿಕೊಳ್ಳುವ ಅನಿಲ.

ಪ್ರಶ್ನೆ: ವೆಂಟ್ ಪೈಪಿಗೆ ತೆಳು ಪೈಪೇ ಸಾಕು, ದಪ್ಪದ್ದು ದುಂದು ಎಂದು ಅಂಗಡಿಯವರು ಹೇಳಿದರು. ನಂಬಬಹುದೇ? (ಕಲಬುರಗಿಯ ಓದುಗರು)

ಉತ್ತರ: ಅವರು ಸುಳ್ಳು ಹೇಳಿಲ್ಲ. ಮನೆಯೊಳಗಿನ ಕೊಳಚೆ ಪೈಪುಗಳಿಗೆ ಇರುವ ಐಎಸ್ 13592 ಮಾನಕದಲ್ಲಿ ಎರಡು ಬಗೆಗಳಿವೆ. ಟೈಪ್ ಎ ಎಂಬುದು ಗಾಳಿ ಮತ್ತು ಮಳೆನೀರಿಗೆ, ಟೈಪ್ ಬಿ ಎಂಬುದು ಶೌಚಾಲಯ ಮತ್ತು ಬಚ್ಚಲ ನೀರಿಗೆ. 110 ಮಿ.ಮೀ. ಪೈಪಿನ ಗೋಡೆ ಟೈಪ್ ಎ ಬಗೆಯಲ್ಲಿ ಕನಿಷ್ಠ 2.2 ಮಿ.ಮೀ., ಟೈಪ್ ಬಿ ಬಗೆಯಲ್ಲಿ 3.2 ಮಿ.ಮೀ. ಹೊರಗಿನ ವ್ಯಾಸ ಒಂದೇ ಆದ್ದರಿಂದ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಡಕ್ಟಿನ ನೆರಳಿನಲ್ಲಿ ಹೋಗುವ ಪ್ರತ್ಯೇಕ ಗಾಳಿ ಪೈಪಿಗೆ ಟೈಪ್ ಎ ಧಾರಾಳವಾಗಿ ಸಾಕು. ತಾರಸಿಯ ಮೇಲೆ ನಿಮ್ಮೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ವರ್ಷವಿಡೀ ನಿಲ್ಲುವ ಕೊನೆಯ ಉದ್ದಕ್ಕೆ ಮಾತ್ರ ನಾನು ಟೈಪ್ ಬಿ ಹಾಕಿಸುತ್ತೇನೆ, ಮೇಲೆ ಬಣ್ಣವನ್ನೂ ಹೊಡೆಸುತ್ತೇನೆ. ಬಿಸಿಲಿಗೆ ಪಿವಿಸಿ ಗಡುಸಾಗಿ ಬಿರಿಯುತ್ತದೆ. ಖರೀದಿಸುವಾಗ ಪೈಪಿನ ಮೈಮೇಲೆ ಮುದ್ರಿಸಿರುವ ಐಎಸ್‌ಐ ಗುರುತು, ಮಾನಕದ ಸಂಖ್ಯೆ ಮತ್ತು ಬಗೆಯನ್ನು ಓದಿ ನೋಡಿ. ಟೈಪ್ ಬಿ ಬೆಲೆ ಕೊಟ್ಟು ಟೈಪ್ ಎ ತಂದವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ತಾರಸಿಯ ಮಳೆನೀರಿನ ಪೈಪು ಪಕ್ಕದಲ್ಲೇ ಇದೆ. ಅದಕ್ಕೇ ಶೌಚಾಲಯದ ಪೈಪಿನ ತುದಿ ಸೇರಿಸಿದರೆ ವೆಂಟ್ ಆಗುವುದಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಬೇಡ. ಜೋರು ಮಳೆಯಲ್ಲಿ, ಗಾಳಿಗೆ ದಾರಿ ಬೇಕಾದ ಹೊತ್ತಿನಲ್ಲೇ ಆ ಪೈಪು ನೀರಿನಿಂದ ತುಂಬಿರುತ್ತದೆ. ಉಳಿದ ದಿನಗಳಲ್ಲಿ ಮೋರಿಯ ಅನಿಲ ತಾರಸಿಯ ನೆಲಮಟ್ಟದಲ್ಲಿ, ನೀವು ಬಟ್ಟೆ ಒಣಹಾಕುವ ಕಡೆ ಹೊರಬರುತ್ತದೆ. ಮಳೆನೀರನ್ನು ಸಂಪಿಗೆ ಬಿಡುವವರಿದ್ದರಂತೂ ಇದರ ಯೋಚನೆಯನ್ನೇ ಮಾಡಬಾರದು.

ಪ್ರಶ್ನೆ: ನಮ್ಮ ಫ್ಲ್ಯಾಟಿನ ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದೇವೆ. ಸಿಂಕನ್ನು ಕೋಣೆಯ ನಡುವೆ ತಂದಿರುವುದರಿಂದ ವೆಂಟ್ ಪೈಪು ಒಯ್ಯಲು ಗೋಡೆಯೇ ಇಲ್ಲ. ಪೈಪಿನ ಬದಲು ಒಂದು ವಾಲ್ವ್ ಹಾಕಿದರೆ ಸಾಕು ಎನ್ನುತ್ತಾರೆ. (ಮೈಸೂರಿನ ಓದುಗರು)

ಉತ್ತರ: ಅವರು ಹೇಳುತ್ತಿರುವುದು ಏರ್ ಅಡ್ಮಿಟೆನ್ಸ್ ವಾಲ್ವ್. ಪೈಪಿನೊಳಗೆ ಎಳೆತ ಹುಟ್ಟಿದಾಗ ಅದರ ರಬ್ಬರ್ ಬಿಲ್ಲೆ ಮೇಲೆದ್ದು ಗಾಳಿ ಒಳಬಿಡುತ್ತದೆ, ಎಳೆತ ನಿಂತಾಗ ತನ್ನ ಭಾರದಿಂದಲೇ ಮುಚ್ಚಿಕೊಳ್ಳುತ್ತದೆ. ಒಂದು ಸಿಂಕಿಗೆ ಇದು ಒಳ್ಳೆಯ ಪರಿಹಾರ. ಆದರೆ ಅದು ಒಂದೇ ದಿಕ್ಕಿನ ಬಾಗಿಲು. ಒಳಗೆ ಕಟ್ಟಿಕೊಂಡ ಒತ್ತಡವನ್ನು ಹೊರಬಿಡಲಾರದು. ಆದ್ದರಿಂದ ಕಟ್ಟಡದ ಮುಖ್ಯ ಪೈಪು ತಾರಸಿಯ ಮೇಲೆ ತೆರೆದಿರುವುದು ಅನಿವಾರ್ಯ. ವಾಲ್ವನ್ನು ಗೋಡೆಯೊಳಗೆ ಹುಗಿದು ಗಾರೆ ಮಾಡಿಸಬೇಡಿ; ಕ್ಯಾಬಿನೆಟ್ಟಿನ ಬಾಗಿಲು ತೆರೆದರೆ ಕೈಗೆ ಸಿಗುವಂತೆ, ಸಿಂಕಿನ ಟ್ರ್ಯಾಪಿಗಿಂತ ಮೇಲೆ, ನೆಟ್ಟಗೆ ಇರಲಿ. ರಬ್ಬರ್ ಹಳೆಯದಾದಾಗ ಅದನ್ನು ಬದಲಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮೊದಲ ಮಹಡಿಯ ಮಲಗುವ ಕೋಣೆಯ ಕಿಟಕಿಗೆ ಸರಿಯಾಗಿ ನೆರೆಮನೆಯವರ ತಾರಸಿಯ ವೆಂಟ್ ಪೈಪಿನ ಬಾಯಿ ಇದೆ. ಅವರದು ನಮಗಿಂತ ಮೊದಲು ಕಟ್ಟಿದ ಒಂದೇ ಅಂತಸ್ತಿನ ಮನೆ. ಇಪ್ಪತ್ತು ವರ್ಷದ ಪರಿಚಯ, ಹೇಳಲು ಸಂಕೋಚವಾಗುತ್ತದೆ. ಯಾರದು ತಪ್ಪು? (ಮಂಗಳೂರಿನ ಓದುಗರು)

ಉತ್ತರ: ಅವರು ಕಟ್ಟಿದಾಗ ಅಲ್ಲಿ ನಿಮ್ಮ ಕಿಟಕಿ ಇರಲಿಲ್ಲವಾದ್ದರಿಂದ ತಪ್ಪು ಅವರದೆನ್ನಲು ನನಗೆ ಮನಸ್ಸಾಗುವುದಿಲ್ಲ. ಪೈಪಿನಿಂದ ಅಡ್ಡಕ್ಕೆ 3 ಮೀಟರ್ ಒಳಗೆ ಕಿಟಕಿ ಇದ್ದರೆ ಆ ಕಿಟಕಿಯ ಮೇಲಂಚಿಗಿಂತ 1.5 ಮೀಟರ್ ಎತ್ತರಕ್ಕೆ ಪೈಪಿನ ಬಾಯಿ ಹೋಗಬೇಕೆಂದೂ, ಪಕ್ಕದ ಕಟ್ಟಡ ಎತ್ತರವಿದ್ದಲ್ಲಿ ಸಾಧ್ಯವಿದ್ದಷ್ಟು ಅದನ್ನೂ ಮೀರಬೇಕೆಂದೂ ಸಂಹಿತೆ ಹೇಳುತ್ತದೆ. ನೀವು ಬರೆದ ಅಂತರ ಎಂಟು ಅಡಿ, ಅಂದರೆ 2.4 ಮೀಟರ್, ಆದ್ದರಿಂದ ಈಗ ಪೈಪು ಏರಲೇಬೇಕು. ಅದಕ್ಕೆ ಬೇಕಾದದ್ದು 3 ಮೀಟರಿನ ಒಂದೆರಡು ಪೈಪು, ಕಪ್ಲರ್, ಹಳೆಯ ಟೋಪಿಯೇ ಸಾಕು, ಮತ್ತು ಎತ್ತರದಲ್ಲಿ ಗಾಳಿಗೆ ಅಲ್ಲಾಡದಂತೆ ಹಿಡಿಯಲು ಒಂದು ಕಬ್ಬಿಣದ ಆಧಾರ. ಆ ಆಧಾರವನ್ನು ನಿಮ್ಮ ಗೋಡೆಗೆ ಬಿಗಿಯಲು ನೀವೇ ಒಪ್ಪಿಗೆ ಕೊಟ್ಟು, ಪ್ಲಂಬರನ್ನೂ ನೀವೇ ಕರೆತಂದು, ಖರ್ಚು ನಮ್ಮದಿರಲಿ ಎಂದು ಹೇಳಿ ಮಾತು ಶುರುಮಾಡಿ. ಕರಾವಳಿಯ ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಆಧಾರಕ್ಕೆ ಗ್ಯಾಲ್ವನೈಸ್ ಮಾಡಿದ ಪಟ್ಟಿಯನ್ನೇ ಬಳಸಿ, ಕೆಲಸವನ್ನು ಮಳೆಗಾಲಕ್ಕೆ ಮೊದಲು ಮುಗಿಸಿ.